ಕೃತಿಯ ವರ್ಷ ಯಾವುದು? ಶೀಲಾ ಗೌಡರ ಸಮೀಕ್ಷಾ ಪ್ರದರ್ಶನಗಳ ಬಗ್ಗೆ ಒಂದು ಟಿಪ್ಪಣಿ

ಕಲಾವಿದರೊಬ್ಬರ ದಶಕಗಳ ಕೆಲಸವನ್ನು ಒಂದೆಡೆ ತರಬೇಕಾದರೆ ಮೊದಲು ಪಟ್ಟಿ ಬೇಕು: ಯಾವ ಕೃತಿ, ಯಾವ ವರ್ಷದ್ದು, ಈಗ ಯಾರ ಬಳಿ ಇದೆ. ಶೀಲಾ ಗೌಡರ ಮಟ್ಟಿಗೆ ಎರಡನೆಯ ಪ್ರಶ್ನೆಯೇ ತೊಡಕಿನದು.

1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ, ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಕಲಿತದ್ದು ಚಿತ್ರಕಲೆ. 1990ರ ದಶಕದ ಆರಂಭದಲ್ಲಿ, ಕೋಮುಗಲಭೆಯ ಆ ದಿನಗಳಲ್ಲಿ, ಅವರು ಸಗಣಿಯನ್ನು ಕೈಗೆತ್ತಿಕೊಂಡರು. ಆಮೇಲೆ ದಾರ, ಸೂಜಿ, ಕುಂಕುಮ, ಡಾಂಬರು ಡ್ರಮ್ಮು, ಕೂದಲ ಹಗ್ಗ.

'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್' ಮೊದಲು ರೂಪುಗೊಂಡದ್ದು 1998ರಲ್ಲಿ. ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ಎಳೆಗಳನ್ನು ಕುಂಕುಮ ಮತ್ತು ಅಂಟಿನಿಂದ ಕೂಡಿಸಿದ ಕೆಂಪು ಹುರಿ. ತುದಿಯಲ್ಲಿ ಸೂಜಿಗಳ ಗೊಂಚಲು. ಪ್ರತಿ ಕೋಣೆಯಲ್ಲೂ ಅದು ಗೋಡೆ ಹಿಡಿದು, ನೆಲಕ್ಕಿಳಿದು, ಬೇರೆಯೇ ದಾರಿ ಹಿಡಿಯುತ್ತದೆ. ಕೃತಿ ಎಂದರೆ ಹುರಿಯೋ, ಅದು ಬಿದ್ದುಕೊಂಡ ಬಗೆಯೋ? ಎರಡನೆಯದೆಂದೇ ನನ್ನ ಅಭಿಪ್ರಾಯ. ಹಾಗಾದರೆ 1998 ಎಂಬುದು ಅರ್ಧ ಉತ್ತರ ಮಾತ್ರ.

'ಬಿಹೋಲ್ಡ್' (2009) ವೆನಿಸ್ ಬಿಯೆನಾಲೆಯಲ್ಲಿ ಪ್ರದರ್ಶಿತವಾಗಿ, ಈಗ ಟೇಟ್ ಸಂಗ್ರಹದಲ್ಲಿದೆ: ಸುಮಾರು ನಾಲ್ಕು ಕಿಲೋಮೀಟರ್ ಕೂದಲ ಹಗ್ಗ, ಅದರ ಆಸರೆಯಲ್ಲಿ ತೂಗುವ ಕಾರಿನ ಬಂಪರುಗಳು. ಪಟ್ಟಿಯಲ್ಲಿ 'ಕೂದಲು' ಎಂದಷ್ಟೇ ಬರೆದರೆ ತಪ್ಪಲ್ಲ, ಸಾಲದು. ದೇವರಿಗೆ ಕೊಟ್ಟ ಮುಡಿ ಹಗ್ಗವಾಗಿ, ದೃಷ್ಟಿ ತಾಗದಿರಲೆಂದು ಬೆಂಗಳೂರಿನ ವಾಹನಗಳ ಬಂಪರಿಗೆ ಸುತ್ತಿಕೊಳ್ಳುತ್ತದೆ. ಕೃತಿಗೆ ಬರುವ ಹೊತ್ತಿಗೆ ಅದಕ್ಕೆ ಎರಡು ಬದುಕು ಆಗಿಹೋಗಿದೆ. ಮುಡಿ ಎಂಬ ಮಾತು ಇರುವ ಕನ್ನಡದಲ್ಲಾದರೂ ಅದನ್ನೇ ಬರೆಯಬಹುದು.

ಹೆಚ್ಚು ಕಷ್ಟದ್ದು 'ಕೊಲ್ಯಾಟರಲ್' (2007). ಊದುಬತ್ತಿಯ ಹಿಟ್ಟನ್ನು ಜಾಲರಿ ಚೌಕಟ್ಟುಗಳ ಮೇಲೆ ಹರಡಿ ಸುಟ್ಟರೆ ಉಳಿಯುವ ಬೂದಿಯೇ ಚಿತ್ರ. ಆ ವರ್ಷ ಕಾಸೆಲ್‌ನ ಡಾಕ್ಯುಮೆಂಟಾದಲ್ಲಿ ಅದನ್ನು ತೋರಿಸಿದರು. ಬೂದಿಯನ್ನು ಪೆಟ್ಟಿಗೆಗೆ ತುಂಬಿ ಹಡಗು ಹತ್ತಿಸಲಾಗದು.

2019ರಲ್ಲಿ ಮಿಲಾನಿನ ಪಿರೆಲ್ಲಿ ಹ್ಯಾಂಗರ್‌ಬಿಕೊಕ್ಕಾದಲ್ಲಿ ನಡೆದ, ಎರಡು ದಶಕಗಳಿಗೂ ಮಿಕ್ಕ ಕೆಲಸವನ್ನು ಒಟ್ಟಿಗೆ ತಂದ ಅವರ ಪ್ರದರ್ಶನದ ಹೆಸರು 'ರಿಮೇನ್ಸ್'. ಇಂಗ್ಲಿಷಿನಲ್ಲಿ ಅದು ಅವಶೇಷವೂ ಹೌದು, 'ಉಳಿಯುತ್ತದೆ' ಎಂಬ ಕ್ರಿಯೆಯೂ ಹೌದು. ಈ ಶ್ಲೇಷೆಯನ್ನು ಪಟ್ಟಿ ಮಾಡುವವರು ಗಂಭೀರವಾಗಿ ತೆಗೆದುಕೊಳ್ಳಬೇಕು. ಇಂಥ ಕೃತಿಗಳ ಎದುರು ಎರಡು ವರ್ಷ ಬೇಕು: ಮೊದಲು ಮಾಡಿದ್ದು, ಈ ಕೋಣೆಯಲ್ಲಿ ಹೂಡಿದ್ದು. 'ಕೊಲ್ಯಾಟರಲ್' ಎದುರು, ಬೆಂಕಿ ಇಟ್ಟ ದಿನಾಂಕ.