ಮುಟ್ಟುವ ಕೈಗೆ ಅಪ್ಪಣೆ ಚೀಟಿ

ಗೋವೆಯ ಸಾಂಕೋಲೆಯಲ್ಲಿ ಜುವಾರಿ ನದಿಯ ದಂಡೆಗೆ ಒಂದು ಗೋಡೆ ನಿಂತಿದೆ. ಹಿಂದೆ ಇಗರ್ಜಿಯಿಲ್ಲ, ಬರೀ ಮುಖಮಂಟಪ. 1606ರಲ್ಲಿ ಕಟ್ಟಿದ ಆರೋಗ್ಯ ಮಾತೆಯ ಈ ಇಗರ್ಜಿ 1834ರಲ್ಲಿ ಬೆಂಕಿಗೆ ಬಿದ್ದು ಉಳಿದದ್ದು ಇಷ್ಟೇ. ಬೇನೆ ಬಂದವರು ಹರಕೆ ಹೊತ್ತು ಬರುತ್ತಿದ್ದ ತಾಯಿಯ ಮನೆ. ಹರಕೆಯೊಂದನ್ನೇ ನಂಬಿ ಯಾರೂ ಕೂರುತ್ತಿರಲಿಲ್ಲ ಅನ್ನುವುದೂ ಅಷ್ಟೇ ನಿಜ. ಕೈ ಉಳುಕಿದರೆ ನೀವುವವರು ಬೇಕು, ಎಲುಬು ಮುರಿದರೆ ಕೂಡಿಸಿ ಕಟ್ಟುವವರು ಬೇಕು. ಆ ಕೈಗಳಿಗೆ ವಿದ್ಯೆ ಎಲ್ಲಿಂದ ಬಂತು ಎಂಬುದಕ್ಕಿಂತ, ಮುಟ್ಟಲು ಅಪ್ಪಣೆ ಕೊಟ್ಟವರು ಯಾರು ಎಂಬ ಕಥೆಯೇ ಗೋವೆಯಲ್ಲಿ ಹೆಚ್ಚು ಸ್ವಾರಸ್ಯದ್ದು.

1567ನೆಯ ಇಸವಿ ಈ ಊರಿಗೆ ಕೆಟ್ಟ ವರ್ಷ. ಪೋರ್ಚುಗೀಸರು ಸಾಷ್ಟಿ ಸೀಮೆಯ ದೇಗುಲಗಳನ್ನು ಕೆಡವುತ್ತಿದ್ದರು. ಸಾಂಕೋಲೆಯ ಲಕ್ಷ್ಮೀನರಸಿಂಹ ಊರು ಬಿಟ್ಟು ಫೋಂಡಾ ಕಡೆಯ ವೇಲಿಂಗಕ್ಕೆ ಹೋದ. ಅದೇ ವರ್ಷ ಗೋವೆಯಲ್ಲಿ ಸೇರಿದ ಧರ್ಮಸಭೆ ಕ್ರೈಸ್ತರು ಹಿಂದೂ ವೈದ್ಯರ, ಸೂಲಗಿತ್ತಿಯರ ಬಳಿ ಹೋಗಬಾರದೆಂದು ಕಟ್ಟಳೆ ಮಾಡಿತು.

ಕಟ್ಟಳೆ ಕಾಗದದಲ್ಲೇ ಉಳಿಯಿತು. 1583ರಲ್ಲಿ ಗೋವೆಗೆ ಬಂದ ಡಚ್ಚರ ಲಿನ್ಸ್‌ಖೋಟೆನ್ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿದ್ದವನು. ಅವನ ಬರಹದ ಪ್ರಕಾರ ಹಿಂದೂ ವೈದ್ಯರು ಊರೊಳಗೆ ಛತ್ರಿ ಹಿಡಿಸಿಕೊಂಡು ಓಡಾಡುತ್ತಿದ್ದರು, ಅದು ದೊಡ್ಡವರಿಗಷ್ಟೇ ಇದ್ದ ಮರ್ಯಾದೆ. ವೈಸರಾಯ್, ಸನ್ಯಾಸಿಗಳು, ಕೊನೆಗೆ ಆರ್ಚ್‌ಬಿಷಪ್ಪರೂ ತಮ್ಮ ದೇಶದ ವೈದ್ಯರಿಗಿಂತ ಇವರನ್ನೇ ನಂಬುತ್ತಿದ್ದರಂತೆ. ಬೇಡವೆಂದವರೇ ಬಾಗಿಲು ತಟ್ಟಿದರು! ಸೊಂಟ ಹಿಡಿದವನಿಗೆ ಮತಭೇದ ಹೊಳೆಯುವುದು ಕಷ್ಟ.

ನಿಲ್ಲಿಸಲಾಗದ್ದನ್ನು ಎಣಿಸಿಟ್ಟುಕೊಳ್ಳೋಣ ಎಂದಿತು ಆಡಳಿತ. 1618ರಲ್ಲಿ ಗೋವೆಯ ನಗರಸಭೆ, ಪರೀಕ್ಷೆಯಲ್ಲಿ ಗೆಲ್ಲದೆ ವೈದ್ಯವನ್ನಾಗಲಿ ಶಸ್ತ್ರವೈದ್ಯವನ್ನಾಗಲಿ ಮಾಡಕೂಡದು, ಹಿಂದೂ ವೈದ್ಯರ ಸಂಖ್ಯೆ 30 ದಾಟಕೂಡದು ಎಂದು ನಿಗದಿ ಮಾಡಿತು. ಅಪ್ಪನಿಂದ ಮಗ ಕಲಿತ ವಿದ್ಯೆಗೆ ಹೀಗೆ ಚೀಟಿ ಅಂಟಿತು. 1842ರಲ್ಲಿ ಪಣಜಿಯಲ್ಲಿ ವೈದ್ಯ-ಶಸ್ತ್ರವೈದ್ಯ ಶಾಲೆ ತೆರೆದ ಮೇಲೆ ಚೀಟಿ ಪದವಿಯಾಯಿತು. ಅಲ್ಲಿ ಕಲಿತವರು ಮೊಜಾಂಬಿಕ್, ಅಂಗೋಲಾಗಳವರೆಗೆ ನೌಕರಿಗೆ ಹೋದರು. ಪೋರ್ಚುಗಲ್ಲಿನಲ್ಲೇ ವೈದ್ಯ ಮಾಡಬೇಕೆಂದರೆ ಮಾತ್ರ ಅದು ಸಾಲುತ್ತಿರಲಿಲ್ಲ.

ಹಳ್ಳಿಯ ಕೈಗಳು ಈ ಯಾವ ಪಟ್ಟಿಗೂ ಸೇರಲಿಲ್ಲ. ಘಟ್ಟದ ಮೇಲಿನ ಕನ್ನಡ ನಾಡಿನಲ್ಲೂ ಅಷ್ಟೆ. ಗರಡಿಮನೆಯ ಉಸ್ತಾದರಿಗೆ ಪಟ್ಟು ಎಷ್ಟು ಗೊತ್ತೋ ತಪ್ಪಿದ ಕೀಲನ್ನು ಕೂರಿಸುವುದೂ ಅಷ್ಟೇ ಗೊತ್ತು. ನಾಟಿ ವೈದ್ಯರು ಬಿದಿರಿನ ದಬ್ಬೆ ಇಟ್ಟು, ಮೊಟ್ಟೆಯ ಬಿಳಿ ಬಳಿದು ಕಟ್ಟುತ್ತಾರೆ. ಸೊಂಟ ಹಿಡಿದರೆ, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವ ರೂಢಿಯೂ ಉಂಟು. ಅದಕ್ಕೆ ತರಬೇತಿ ಬೇಡ, ಹುಟ್ಟಿದ್ದೇ ಅರ್ಹತೆ. ನಾಟಿ ಕಟ್ಟು ಬಿಗಿಯಾಗಿ ರಕ್ತ ಓಡದೆ ಕೈ ಕಳೆದುಕೊಳ್ಳುವ ಅಪಾಯ ಇದ್ದೇ ಇದೆ, ಹಾಗಾಗಿ ಪರೀಕ್ಷೆ ಕೇಳಿದವರದ್ದೆಲ್ಲ ಬರೀ ದರ್ಪ ಎನ್ನಲಾಗದು.

ಇಂಥದೇ ಕೈಕಸುಬು ಅಮೆರಿಕದಲ್ಲಿ ಮಾತ್ರ ಕಾಲೇಜು ಕಟ್ಟಿಕೊಂಡಿತು. 1864ರಲ್ಲಿ ಮೆದುಳುಪೊರೆಯ ಜ್ವರಕ್ಕೆ ಮೂವರು ಮಕ್ಕಳನ್ನು ಕಳೆದುಕೊಂಡ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್‌ಗೆ ಅಂದಿನ ಔಷಧಿಗಳ ಮೇಲೆ ನಂಬಿಕೆ ಹೋಯಿತು. ಊರೂರು ತಿರುಗಿ ‘ಮಿಂಚಿನಂಥ ಮೂಳೆವೈದ್ಯ’ ಎನಿಸಿಕೊಂಡ. 1874ರಲ್ಲಿ ತನ್ನ ಹೊಸ ಪದ್ಧತಿಯನ್ನು ಸಾರಿದ. ಆಸ್ಟಿಯೋಪತಿ ಎಂಬ ಹೆಸರು ಆಮೇಲಿನದು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದಾಗ ಮೊದಲ ತರಗತಿಯಲ್ಲೇ ಹೆಂಗಸರೂ ಇದ್ದರು. 1896ರಲ್ಲಿ ವರ್ಮಾಂಟ್ ರಾಜ್ಯ ಅಪ್ಪಣೆ ಕೊಟ್ಟಿತು. ಈ ವಿದ್ಯೆಯ ವಿಚಿತ್ರ ಅಧ್ಯಾಯ 1962ರದು: ಕ್ಯಾಲಿಫೋರ್ನಿಯಾದಲ್ಲಿ 65 ಡಾಲರ್ ಕಟ್ಟಿದ ಆಸ್ಟಿಯೋಪತಿ ವೈದ್ಯರಿಗೆ ಎಂ.ಡಿ. ಪದವಿಯನ್ನೇ ಕೊಟ್ಟುಬಿಟ್ಟರು. ಈಗ ಅಮೆರಿಕದಲ್ಲಿ ಇವರು ಶಸ್ತ್ರಚಿಕಿತ್ಸೆಯನ್ನೂ ಮಾಡಬಲ್ಲ ಪೂರ್ಣ ವೈದ್ಯರು. ಬ್ರಿಟನ್ನಿನಲ್ಲಿ ಆಸ್ಟಿಯೋಪಾತ್ ಎಂದರೆ ಕೈಯಿಂದ ಮಾತ್ರ ಚಿಕಿತ್ಸೆ ಮಾಡುವವರು, ಅವರಿಗೆ 1993ರ ಪ್ರತ್ಯೇಕ ಕಾಯಿದೆಯ ಕಾವಲು.

ಭಾರತದಲ್ಲಿ ಅಂಥ ಪ್ರತ್ಯೇಕ ಕಾಯಿದೆ ಬರಲಿಲ್ಲ. ಕನ್ನಡ ನಾಡಿಗೆ ಈ ವಿದ್ಯೆ ಬಂದದ್ದು ಪ್ರಕೃತಿ ಚಿಕಿತ್ಸೆಯ ಹಿತ್ತಿಲ ಬಾಗಿಲಿನಿಂದ. ಉಜಿರೆಯಲ್ಲಿ 1989ರಲ್ಲಿ ಶುರುವಾದ ಎಸ್‌ಡಿಎಂ ಕಾಲೇಜಿನ ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ) ಓದು, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ್ದು. ಅದರಲ್ಲಿ ಮಾಲೀಶು, ಕೈರೋಪ್ರಾಕ್ಟಿಕ್, ಆಸ್ಟಿಯೋಪತಿ ಮೂರೂ ಒಂದೇ ವಿಷಯದ ಕೆಳಗೆ ಬರುತ್ತವೆ.

ಸಾಂಕೋಲೆಗೆ ಸೇರಿದ ಜುವಾರಿನಗರದಲ್ಲಿ ಈಗ ಕನ್ನಡವೇ ಬೀದಿಮಾತು. ಬಿರ್ಲಾ ಗೊಬ್ಬರದ ಕಾರ್ಖಾನೆ 1973ರಲ್ಲಿ ಉತ್ಪಾದನೆ ಆರಂಭಿಸಿದ್ದರಿಂದ ಈ ಬಡಾವಣೆಗೇ ‘ಬಿರ್ಲಾ’ ಎಂಬ ಹೆಸರು ಅಂಟಿದೆ. ಉತ್ತರ ಕರ್ನಾಟಕದಿಂದ ಕೂಲಿಗೆ ಬಂದವರ ಊರಿದು. ಹೊರೆ ಹೊರುವ ಬೆನ್ನುಗಳಿಗೆ ಹಳೆ ಪಣಜಿ ಶಾಲೆಯ ವಾರಸುದಾರ ಗೋವಾ ಮೆಡಿಕಲ್ ಕಾಲೇಜು ನದಿಯಾಚೆ ಬಾಂಬೋಳಿಯಲ್ಲಿದೆ. ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು, ನೀವುವವರು ಸಿಕ್ಕರೆ ಸಂಜೆಗೇ ಕೆಲಸ ಮುಗಿಯಿತು.