ಮಕ್ತಲ್, ನಾರಾಯಣಪೇಟೆ, ಗದ್ವಾಲದಿಂದ ವಿದೇಶಕ್ಕೆ: ಹೆಚ್ಚು ಜನ ಹೋಗದ ಮೂರು ಊರು, ಸುಸ್ತಾಗದ ಪ್ರಯಾಣ

ವಿದೇಶ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ದುಬೈ, ದಮ್ಮಾಮ್, ದೋಹಾ. ಒಂದೋ ಕೆಲಸಕ್ಕೆ, ಇಲ್ಲವೇ ಉಮ್ರಾಕ್ಕೆ. ಸುತ್ತಾಡಲೆಂದೇ ಹೋಗುವವರೂ ಬುರ್ಜ್ ಖಲೀಫಾ ಮುಂದೆ ಫೋಟೊ ತೆಗೆದು ವಾಪಸ್ ಬರುತ್ತಾರೆ.

ಮಂಗಳೂರಿನವರಿಗಾದರೆ ಬಜ್ಪೆ ಹತ್ತಿರ. ತೆಲಂಗಾಣದ ಗಡಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರನ್ನೂ ಮಾತಾಡುವ ನಾರಾಯಣಪೇಟೆ, ಮಕ್ತಲ್, ಗದ್ವಾಲದವರಿಗೆ ಹಾಗಲ್ಲ. ಗದ್ವಾಲವಂತೂ 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ಇಲ್ಲಿಯವರಿಗೆ ಹತ್ತಿರದ ದೊಡ್ಡ ಅಂತಾರಾಷ್ಟ್ರೀಯ ನಿಲ್ದಾಣ ಹೈದರಾಬಾದಿನ ಶಂಶಾಬಾದ್. ಮೂರು ಗಂಟೆಯ ವಿಮಾನಕ್ಕೆ ಎಂಟು ಗಂಟೆ ಮೊದಲೇ ಮನೆ ಬಿಡಬೇಕು. ದಣಿವು ಶುರುವಾಗುವುದೂ ಅಲ್ಲೇ. ಆದ್ದರಿಂದ ಪ್ರಯಾಣದ ಲೆಕ್ಕ ಮನೆ ಬಾಗಿಲಿನಿಂದ ಆರಂಭವಾಗಲಿ.

ಶಂಶಾಬಾದ್ ತಲುಪುವುದು ಹೇಗೆ?

2008ರಲ್ಲಿ ಆರಂಭವಾದ ಈ ನಿಲ್ದಾಣ ಹೈದರಾಬಾದಿನ ದಕ್ಷಿಣಕ್ಕಿದೆ. ಈ ಭಾಗದಿಂದ ಹೋಗುವವರಿಗೆ ಊರಿಗಿಂತ ಮೊದಲೇ ನಿಲ್ದಾಣ ಸಿಗುತ್ತದೆ. ಸಿಟಿ ಟ್ರಾಫಿಕ್‌ಗೆ ಸಿಕ್ಕಿಕೊಳ್ಳುವ ಅಗತ್ಯವಿಲ್ಲ.

ಮಕ್ತಲ್‌ನವರು ರಾಷ್ಟ್ರೀಯ ಹೆದ್ದಾರಿ 167ರಲ್ಲಿ ಮಹಬೂಬ್‌ನಗರ ದಾಟಿ, ಜಡ್ಚರ್ಲದಲ್ಲಿ ಹೆದ್ದಾರಿ 44 ಹಿಡಿಯಬೇಕು. ನಾರಾಯಣಪೇಟೆಯವರು ಮರಿಕಲ್ ಬಳಿ ಇದೇ ದಾರಿಗೆ ಸೇರುತ್ತಾರೆ. ಗದ್ವಾಲದವರಿಗೆ ಎರ್ರವಲ್ಲಿ ಕ್ರಾಸ್‌ನಲ್ಲಿ ಹೆದ್ದಾರಿ 44 ಸಿಗುತ್ತದೆ. ಕಾರಲ್ಲಿ ಮೂರರಿಂದ ನಾಲ್ಕು ಗಂಟೆ ಇಟ್ಟುಕೊಳ್ಳಿ.

ರೈಲೂ ಇದೆ. ಗದ್ವಾಲ ಕರ್ನೂಲು–ಹೈದರಾಬಾದ್ ಮಾರ್ಗದ ಜಂಕ್ಷನ್. ಮಕ್ತಲ್ ಮೂಲಕ ಕೃಷ್ಣಾ ಸ್ಟೇಷನ್‌ವರೆಗಿನ ಹೊಸ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿ ಕಾಚಿಗುಡ–ರಾಯಚೂರು ರೈಲು ಶುರುವಾಯಿತು. ಶಂಶಾಬಾದ್‌ಗೆ ಹತ್ತಿರದ ಸ್ಟೇಷನ್ ಉಮ್ದಾನಗರ. ನಿಮ್ಮ ರೈಲು ಅಲ್ಲಿ ನಿಲ್ಲುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಮೊದಲ ಸಲ ಹೋಗುವವರು ಗಮನಿಸಬೇಕಾದ ಮಾತು: ಟಿಕೆಟ್‌ನಲ್ಲಿ 14ನೇ ತಾರೀಕು 2 ಗಂಟೆ ಎಂದಿದ್ದರೆ, ಮನೆಯಿಂದ ಹೊರಡಬೇಕಾದದ್ದು 13ರ ಸಂಜೆ. 14ರ ರಾತ್ರಿ ಅಲ್ಲ. ನಿಲ್ದಾಣದಲ್ಲಿ ಮೂರು ಗಂಟೆ, ದಾರಿಗೆ ನಾಲ್ಕು ಗಂಟೆ, ಪಂಕ್ಚರ್‌ಗೋ ಚಹಾಕ್ಕೋ ಒಂದು ಗಂಟೆ ಎಂದು ಲೆಕ್ಕ ಹಾಕಿ.

ಮೂರು ಊರುಗಳು

ಸಲಾಲ, ಒಮಾನ್: ಗಲ್ಫ್ ಎಂದರೆ ಬರೀ ಮರಳು ಅಂದುಕೊಂಡವರು ಇದನ್ನು ನೋಡಬೇಕು. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಖರೀಫ್ ಮಳೆಗಾಲ. ಬೆಟ್ಟಗಳೆಲ್ಲ ಹಸಿರು, ಮೇಲೆ ಮಂಜು. ವಾದಿ ದರ್ಬಾತ್, ಮುಘ್ಸೈಲ್ ಕಡಲತೀರ ನೋಡಲೇಬೇಕಾದವು. ಸುತ್ತಲಿನ ಲೋಬಾನದ ನಾಡು 2000ದಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಇಲ್ಲಿಂದ ಭಾರತಕ್ಕೆ ಕುದುರೆಗಳು ಹೋಗುತ್ತಿದ್ದವೆಂದು ಇಬ್ನ್ ಬತೂತಾ ಬರೆದಿದ್ದಾನೆ. ನಮ್ಮ ಮಂಗಳೂರಿಗೂ ಬಂದು ಹೋದವನು ಆತ. ಹೈದರಾಬಾದಿನಿಂದ ಮಸ್ಕತ್ ಸುಮಾರು ಮೂರು ಗಂಟೆ, ಅಲ್ಲಿಂದ ಸಲಾಲಕ್ಕೆ ಒಂದೂವರೆ ಗಂಟೆ. ವೀಸಾಕ್ಕೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು.

ಪೆನಾಂಗ್, ಮಲೇಷ್ಯಾ: ಕೌಲಾಲಂಪುರಕ್ಕೆ ಹೋದವರು ಅವಳಿ ಗೋಪುರ ನೋಡಿ ತಿರುಗಿ ಬರುತ್ತಾರೆ. ಅಲ್ಲಿಂದ ಒಂದು ಗಂಟೆಯ ವಿಮಾನ ಹತ್ತಿದರೆ ಪೆನಾಂಗ್. ಇಲ್ಲಿನ ಜಾರ್ಜ್‌ಟೌನ್ 2008ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. 19ನೇ ಶತಮಾನದ ಆರಂಭದಲ್ಲಿ ಭಾರತೀಯ ಮುಸ್ಲಿಂ ವ್ಯಾಪಾರಿಗಳು ಕಟ್ಟಿಸಿದ ಕಪಿತಾನ್ ಕೆಲಿಂಗ್ ಮಸೀದಿ ಇಲ್ಲಿದೆ. ತಮಿಳು ಮುಸ್ಲಿಮರ ನಾಸಿ ಕಂದಾರ್ ಊಟ ನಮ್ಮ ನಾಲಿಗೆಗೂ ಹಿಡಿಸುತ್ತದೆ. 2023ರ ಡಿಸೆಂಬರ್‌ನಿಂದ ಭಾರತೀಯರಿಗೆ 30 ದಿನದವರೆಗೆ ವೀಸಾ ಬೇಡ. ಈ ರಿಯಾಯಿತಿ 2026ರ ಕೊನೆಯವರೆಗೆ ಇದೆ. ತಲುಪುವ ಮುಂಚಿನ ಮೂರು ದಿನದೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು.

ಸಮರ್ಕಂದ್, ಉಜ್ಬೇಕಿಸ್ತಾನ್: ರೆಗಿಸ್ತಾನ್ ಚೌಕದ ನೀಲಿ ಮದರಸಗಳು, ಉಲುಗ್ ಬೇಗ್ 15ನೇ ಶತಮಾನದಲ್ಲಿ ಕಟ್ಟಿಸಿದ ನಕ್ಷತ್ರ ವೀಕ್ಷಣಾಲಯದ ಅವಶೇಷ, ಊರ ಹೊರಗೆ ಇಮಾಮ್ ಬುಖಾರಿಯವರ ಸಮಾಧಿ. ದೆಹಲಿಯಿಂದ ತಾಷ್ಕೆಂಟ್‌ಗೆ ವಿಮಾನ, ಅಲ್ಲಿಂದ ಅಫ್ರೋಸಿಯೊಬ್ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಏಪ್ರಿಲ್–ಮೇ ಅಥವಾ ಸೆಪ್ಟೆಂಬರ್–ಅಕ್ಟೋಬರ್ ಒಳ್ಳೆಯದು. ಇಲ್ಲಿಗೂ ಇ-ವೀಸಾ ಇದೆ.

ವಿಮಾನದ ಮಾರ್ಗ, ವೀಸಾ ನಿಯಮ ಎರಡೂ ಆಗಾಗ ಬದಲಾಗುತ್ತವೆ. ದುಡ್ಡು ಕಟ್ಟುವ ಮೊದಲು ಆಯಾ ದೇಶದ ಸರ್ಕಾರಿ ವೆಬ್‌ಸೈಟ್ ನೋಡಿ. ಪಾಸ್‌ಪೋರ್ಟ್‌ನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಹೊಸದು ಮಾಡಿಸುವವರಿಗೆ ಮಹಬೂಬ್‌ನಗರದಲ್ಲೇ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ.

ವಿಮಾನದಲ್ಲಿ ಆರಾಮಾಗಿರಲು

* ಸಾಧ್ಯವಾದಷ್ಟು ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ಮಾಡಿಸಿ. ಬೇರೆ ಬೇರೆ ಟಿಕೆಟ್ ಇದ್ದು ಮೊದಲ ವಿಮಾನ ತಡವಾದರೆ ಎರಡನೆಯದರ ದುಡ್ಡು ಹೋದಂತೆ.
* ಉಮ್ಮ, ಬಾಪ, ಅಜ್ಜಿಗೆ ಓಡಾಡುವ ದಾರಿ ಪಕ್ಕದ ಸೀಟು ತೆಗೆದುಕೊಳ್ಳಿ. ಮಂಡಿನೋವಿದ್ದರೆ ವೀಲ್‌ಚೇರ್ ಬೇಕೆಂದು 48 ಗಂಟೆ ಮೊದಲೇ ವಿಮಾನ ಕಂಪನಿಗೆ ತಿಳಿಸಿ. ಇದರಲ್ಲಿ ನಾಚಿಕೆ ಏನಿಲ್ಲ.
* ಹಲಾಲ್ ಊಟ ಬೇಕಿದ್ದರೆ ಬುಕ್ ಮಾಡುವಾಗಲೇ ‘ಮುಸ್ಲಿಂ ಮೀಲ್’ ಆರಿಸಿ.
* ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ಕೂತಲ್ಲೇ ಪಾದ ಆಡಿಸಿ, ನೀರು ಕುಡಿಯುತ್ತಿರಿ. ತುಂಬಾ ಹೊತ್ತು ಅಲ್ಲಾಡದೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಇತ್ತೀಚೆಗೆ ಆಪರೇಷನ್ ಆದವರು, ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ಹೊರಡಿ.
* ಇಳಿಯುವಾಗ ಕಿವಿ ಕಟ್ಟಿದರೆ ಎಂಜಲು ನುಂಗಿ, ಚ್ಯೂಯಿಂಗ್ ಗಮ್ ಅಗಿಯಿರಿ. ಮಗುವಿಗೆ ಹಾಲು ಕುಡಿಸಿ.
* ಶುಗರ್, ಬಿಪಿ ಮಾತ್ರೆ ಚೀಟಿಯ ಸಮೇತ ಕೈಚೀಲದಲ್ಲಿರಲಿ. ಪವರ್ ಬ್ಯಾಂಕ್ ಕೂಡ ಕೈಚೀಲದಲ್ಲೇ.
* ಒಣಕೊಬ್ಬರಿಯನ್ನು ಲಗೇಜಿಗೆ ಹಾಕಬೇಡಿ, ಬೆಂಕಿಯ ಅಪಾಯದಿಂದ ಅದಕ್ಕೆ ನಿಷೇಧವಿದೆ. ಗಲ್ಫ್‌ಗೆ ಹೋಗುವವರು ಗಸಗಸೆ ಮುಟ್ಟಲೇಬೇಡಿ, ಮಸಾಲೆ ಪೊಟ್ಟಣವನ್ನೂ ಬಿಚ್ಚಿ ನೋಡಿ. ಅಲ್ಲಿ ಅದು ಮಾದಕ ವಸ್ತುವಿನ ಪ್ರಕರಣವಾಗಬಹುದು. ಕೊಡೀನ್ ಇರುವ ಕೆಮ್ಮಿನ ಔಷಧಕ್ಕೂ ಇದೇ ಮಾತು.
* ಬೇರೆಯವರು ‘ನನ್ನ ತಮ್ಮನಿಗೆ ಕೊಡಿ’ ಎಂದು ಕೊಟ್ಟ ಪೊಟ್ಟಣ ತೆರೆದು ನೋಡದೆ ಒಯ್ಯಬೇಡಿ.

ವಿಸಿಟ್ ವೀಸಾದಲ್ಲಿ ದುಡಿಯಲು ಹೋಗಬೇಡಿ

ಪಾಲಮೂರು ಸೀಮೆ ಗುಳೆಗೆ ಹೆಸರಾದದ್ದು. ‘ಮೊದಲು ಟೂರಿಸ್ಟ್ ವೀಸಾದಲ್ಲಿ ಹೋಗು, ಅಲ್ಲಿ ಕೆಲಸಕ್ಕೆ ಬದಲಿಸಿಕೊಡ್ತೀವಿ’ ಎನ್ನುವ ಏಜೆಂಟರು ಎಲ್ಲ ಕಡೆ ಇದ್ದಾರೆ. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗದ್ದು. ಅಂಥವರು ಗಲ್ಫ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಅದರ ಜೊತೆಗೆ ಬರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಯ ಅಪಘಾತ ವಿಮೆ ಇದೆ. ವಿಸಿಟ್ ವೀಸಾದಲ್ಲಿ ಹೋದವನಿಗೆ ಆ ವಿಮೆಯೂ ಇಲ್ಲ, ಸಂಬಳ ಸಿಗದಿದ್ದರೆ ಕೇಳುವ ಹಕ್ಕೂ ಇಲ್ಲ. ಏಜೆಂಟ್ ನೋಂದಾಯಿತನೇ ಎಂದು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿ. ಅವರು ಪಡೆಯಬಹುದಾದ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ ಮಾತ್ರ.

ಗಲ್ಫ್‌ನ ರೂಮುಗಳಲ್ಲಿ ನಮ್ಮ ಹುಡುಗರ ಜೊತೆ ಪಾಲಮೂರಿನವರೂ ಇರುತ್ತಾರೆ. ಊರಿನಿಂದ ಅವರ ಮನೆಯವರು ಮೊದಲ ಸಲ ವಿಮಾನ ಹತ್ತುವವರಿದ್ದರೆ ಈ ಮಾಹಿತಿ ತಲುಪಿಸಿ. ಹೋಗುವಾಗ ಗದ್ವಾಲದ್ದೋ ನಾರಾಯಣಪೇಟೆಯದ್ದೋ ಒಂದು ಕೈಮಗ್ಗದ ಸೀರೆ ಉಡುಗೊರೆಗೆ ಇಟ್ಟುಕೊಳ್ಳಲಿ. ಲಗೇಜಿಗೂ ಭಾರವಿಲ್ಲ, ಊರಿನ ಹೆಸರೂ ಉಳಿಯುತ್ತದೆ.