ಲಿನಕ್ಸ್: ಜರ್ನಲ್ ಉಳ್ಳ ಕಡತವ್ಯವಸ್ಥೆ

ಡಿಸ್ಕಿನಲ್ಲಿ ಮಾಡತಕ್ಕ ಬದಲಾವಣೆಯನ್ನು ಅದರ ಸ್ವಸ್ಥಾನದಲ್ಲಿ ಬರೆಯುವುದಕ್ಕೆ ಮೊದಲೇ ಜರ್ನಲ್ ಎಂಬ ಪ್ರತ್ಯೇಕ ಭಾಗದಲ್ಲಿ ನಮೂದಿಸಿಕೊಳ್ಳುವ ವ್ಯವಸ್ಥೆ; ಖಾತೆಗೆ ಏರಿಸುವ ಮುನ್ನ ವ್ಯವಹಾರವನ್ನು ಕೀರ್ದಿಯಲ್ಲಿ ಬರೆದಿಡುವ ಅಂಗಡಿಯ ಲೆಕ್ಕಿಗನ ಪದ್ಧತಿಗೆ ಇದು ಬಹು ಸಮೀಪವಾದುದು.

1993ರಲ್ಲಿ ರೆಮಿ ಕಾರ್ಡ್ ಮೊದಲಾದವರು ರಚಿಸಿದ ಎಕ್ಸ್ಟ್2 ಎಂಬ ಕಡತವ್ಯವಸ್ಥೆಯು ಬಹುಕಾಲ ಲಿನಕ್ಸಿನ ಆಧಾರವಾಗಿದ್ದಿತು. ಆದರೆ ಅದಕ್ಕೆ ಜರ್ನಲ್ ಇರಲಿಲ್ಲ. ಹೊಸದೊಂದು ಕಡತವನ್ನು ಉಳಿಸುವಾಗ ಖಾಲಿ ಸ್ಥಳದ ನಕ್ಷೆ, ಕಡತದ ವಿವರಗಳನ್ನು ಹೊತ್ತ ಐನೋಡ್, ಹೆಸರನ್ನು ಹೊತ್ತ ಡೈರೆಕ್ಟರಿ, ಈ ಮೂರೆಡೆಗಳಲ್ಲಿಯೂ ಬರೆಯಬೇಕಾಗುವುದರಿಂದ, ನಡುವೆ ವಿದ್ಯುತ್ತು ನಿಂತುಹೋದರೆ ಒಂದಕ್ಕೊಂದು ತಾಳೆಯಾಗದ ಲೆಕ್ಕಗಳು ಡಿಸ್ಕಿನಲ್ಲಿ ಉಳಿಯುತ್ತಿದ್ದುವು. ಆಗ ಎಫ್‌ಎಸ್‌ಸಿಕೆ ಎಂಬ ತಪಾಸಣಾ ಕಾರ್ಯಕ್ರಮವು ಇಡೀ ಡಿಸ್ಕನ್ನು ಶೋಧಿಸಬೇಕಾಗಿದ್ದಿತು. ಡಿಸ್ಕು ಹಿಗ್ಗಿದಂತೆಲ್ಲ ಆ ಕಾಯುವಿಕೆಯೂ ಹಿಗ್ಗುತ್ತ ಹೋಯಿತು.

ಎಕ್ಸ್ಟ್2ಕ್ಕೆ ಜರ್ನಲನ್ನು ಜೋಡಿಸುವ ಯೋಜನೆಯನ್ನು ಸ್ಟೀಫನ್ ಟ್ವೀಡಿ 1998ರಲ್ಲಿ ಪ್ರಬಂಧರೂಪವಾಗಿ ಮಂಡಿಸಿದರು. ಆ ಕೆಲಸ ಸಾಗಿರುವಾಗಲೇ, 2001ರ ಜನವರಿಯ 2.4.1ನೆಯ ಆವೃತ್ತಿಯಲ್ಲಿ ರೈಸರ್‌ಎಫ್‌ಎಸ್ ಲಿನಕ್ಸಿನ ತಿರುಳಾದ ಮುಖ್ಯ ಕರ್ನೆಲ್ಲನ್ನು ಸೇರಿ, ಅಲ್ಲಿಯ ಮೊದಲ ಜರ್ನಲ್ ವ್ಯವಸ್ಥೆಯೆನಿಸಿತು. ಟ್ವೀಡಿಯವರ ಎಕ್ಸ್ಟ್3 ಅದೇ ವರ್ಷದ ನವೆಂಬರಿನಲ್ಲಿ 2.4.15ರೊಡನೆ ಬಂದಿತು. ತಡವಾಗಿ ಬಂದರೂ ಅದು ಹಳೆಯ ವಿನ್ಯಾಸವನ್ನು ಕೈಬಿಡದೆ ಬಂದುದೇ, ಈ ಲೇಖಕನ ಅಭಿಪ್ರಾಯದಲ್ಲಿ, ಅದರ ನಿಜವಾದ ಹಿರಿಮೆ. ಟ್ಯೂನ್2ಎಫ್‌ಎಸ್ ಎಂಬ ಒಂದೇ ಆಜ್ಞೆಯಿಂದ, ಒಂದು ಕಡತವನ್ನೂ ಕದಲಿಸದೆ, ಎಕ್ಸ್ಟ್2 ಡಿಸ್ಕಿಗೆ ಜರ್ನಲನ್ನು ಕೂಡಿಸಬಹುದಾಗಿದ್ದಿತು. ಕ್ರಮವಾಗಿ ಮುಚ್ಚಿದ ಎಕ್ಸ್ಟ್3 ಡಿಸ್ಕನ್ನು ಹಳೆಯ ಎಕ್ಸ್ಟ್2 ಸಹ ಓದಬಲ್ಲುದಾಗಿದ್ದಿತು. ವರ್ಷಗಳ ಕಡತಗಳನ್ನು ಕೂಡಿಟ್ಟವರಿಗೆ ಇದಕ್ಕಿಂತ ದೊಡ್ಡ ಅಭಯ ಬೇರೊಂದಿರಲಾರದು.

ಪರಸ್ಪರ ಸಂಬಂಧವುಳ್ಳ ಬದಲಾವಣೆಗಳನ್ನೆಲ್ಲ ಒಂದು ಗುಂಪಾಗಿ ಜರ್ನಲಿನಲ್ಲಿ ಬರೆದು, ಕೊನೆಗೆ ಕಮಿಟ್ ಎಂಬ ಮುದ್ರೆಯನ್ನೊತ್ತುವುದು ಎಕ್ಸ್ಟ್3ರ ಕ್ರಮ. ಯಂತ್ರವು ಹಠಾತ್ತನೆ ನಿಂತು ಮತ್ತೆ ಎದ್ದಾಗ, ಮುದ್ರೆಯುಳ್ಳ ಗುಂಪುಗಳು ತಮ್ಮ ಸ್ಥಾನಕ್ಕೆ ಸೇರುತ್ತವೆ, ಮುದ್ರೆಯಿಲ್ಲದವು ತ್ಯಾಜ್ಯವಾಗುತ್ತವೆ. ಕಡತದ ಒಳವಸ್ತುವನ್ನೂ ಜರ್ನಲಿಗೆ ಸೇರಿಸುವ ವಿಧಾನವುಂಟಾದರೂ, ಅದರಲ್ಲಿ ಎಲ್ಲವನ್ನೂ ಎರಡು ಸಲ ಬರೆಯಬೇಕಾದ ಕಾರಣ, ಒಳವಸ್ತುವನ್ನು ಮೊದಲು ಸ್ವಸ್ಥಾನಕ್ಕೆ ಕಳುಹಿಸಿ ತರುವಾಯ ವಿವರಗಳಿಗೆ ಮುದ್ರೆಯೊತ್ತುವ ‘ಆರ್ಡರ್ಡ್’ ವಿಧಾನವು ಹೆಚ್ಚು ಬಳಕೆಗೆ ಬಂದಿತು.

ಐಬಿಎಂನ ಜೆಎಫ್‌ಎಸ್, ಸಿಲಿಕಾನ್ ಗ್ರಾಫಿಕ್ಸ್‌ನ ಎಕ್ಸ್‌ಎಫ್‌ಎಸ್‌ಗಳೂ ಅನಂತರ ಕರ್ನೆಲ್ಲನ್ನು ಸೇರಿದುವು. 2008ರ ಡಿಸೆಂಬರಿನ 2.6.28ರಲ್ಲಿ ಎಕ್ಸ್ಟ್3ರ ಮುಂದಿನ ರೂಪವಾದ ಎಕ್ಸ್ಟ್4 ಸ್ಥಿರರೂಪವನ್ನು ತಾಳಿತು. ಜರ್ನಲಿನ ನಮೂದು ಕೆಟ್ಟಿದೆಯೋ ಇಲ್ಲವೋ ಎಂದು ಅರಿಯಲು ಚೆಕ್‌ಸಮ್ಮನ್ನು ಅದು ತಂದಿತು. 2015ರ 4.3ನೆಯ ಆವೃತ್ತಿಯಲ್ಲಿ ಎಕ್ಸ್ಟ್3ರ ಪ್ರತ್ಯೇಕ ಕೋಡನ್ನು ತೆಗೆದುಹಾಕಲಾಯಿತಾದರೂ, ಎಕ್ಸ್ಟ್3 ಡಿಸ್ಕುಗಳನ್ನು ಓದಿ ಬರೆಯುವ ಭಾರವನ್ನು ಎಕ್ಸ್ಟ್4 ವಹಿಸಿಕೊಂಡಿತು.